ಪಿಯಾನೋ ಹಾಕಿ ನಿಧಾನ ಮಾಡಿದ್ದೀನಿ, ಹೊಸತಾಯ್ತಾ ಸರ್?

ಕವರ್ ಹಾಡುಗಳ ಬಗ್ಗೆ ಬರುವ ಪತ್ರಗಳನ್ನು ಇಷ್ಟು ದಿನ ಪಕ್ಕಕ್ಕೆ ಸರಿಸುತ್ತಿದ್ದೆ. ಬರೆದವರ ಹೆಸರು ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಒಟ್ಟಿಗೆ ಉತ್ತರಿಸಿ ಕೈತೊಳೆದುಕೊಳ್ಳುತ್ತೇನೆ. ಕವರ್ ಅಂದರೇನು, ಯಾವ ಮೈಕ್ ಕೊಳ್ಳಬೇಕು, ಹಾಡುವ ಮೊದಲು ಗಂಟಲಿಗೆ ಏನು ಕುಡಿಯಬೇಕು ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ.

ಎಷ್ಟೇ ಮಾಡಿದರೂ ಕವರ್ ಮೂಲ ಹಾಡಿನಷ್ಟು ಚೆನ್ನಾಗಿರಲು ಸಾಧ್ಯವಿಲ್ಲ ಅಲ್ಲವೇ?

‘ಟೇಂಟೆಡ್ ಲವ್’ ಎಂದರೆ 1981ರ ಸಾಫ್ಟ್ ಸೆಲ್ ಹಾಡು ಎಂದು ಪಟ್ಟಾಗಿ ವಾದಿಸುವವರಿದ್ದಾರೆ. ಅದನ್ನು ಗ್ಲೋರಿಯಾ ಜೋನ್ಸ್ ಅರವತ್ತರ ದಶಕದಲ್ಲೇ ಹಾಡಿದ್ದರು. ಮುಂದಿನ ಪ್ರಶ್ನೆ.

ಒಂದು ವೇಗದ ಹಾಡನ್ನು ನಿಧಾನ ಮಾಡಿ, ಬರೀ ಪಿಯಾನೋ ಇಟ್ಟುಕೊಂಡು ಮೆಲುದನಿಯಲ್ಲಿ ಹಾಡಿದ್ದೇನೆ. ಕೇಳಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ, ಎರಡನೇ ಸಲ ಮಾತ್ರ ಯಾರೂ ಕೇಳುವುದಿಲ್ಲ. ಹಾಡು ನನ್ನದಾಗಬೇಕಾದರೆ ಇನ್ನೇನು ಮಾಡಬೇಕು?

ನಿಮ್ಮ ರೆಕಾರ್ಡಿಂಗ್ ನಾನು ಕೇಳಿಲ್ಲ. ಆದರೂ ಅದು ಹೇಗಿದೆಯೆಂದು ಹೇಳಬಲ್ಲೆ. ಶುರುವಿನಲ್ಲಿ ಪಿಯಾನೋದ ಒಂಟೊಂಟಿ ಸ್ವರಗಳು, ಅದರ ಮೇಲೆ ಬಾವಿಯೊಳಗಿಂದ ಬಂದಂಥ ರಿವರ್ಬ್, ಪ್ರತಿ ಸಾಲಿನ ತುದಿಯಲ್ಲಿ ಒಂದು ನಿಟ್ಟುಸಿರು, ಎರಡನೇ ಚರಣಕ್ಕೆ ಚೆಲ್ಲೋ. ಸರಿಯೇ? ಎಲ್ಲರೂ ಇದನ್ನೇ ಮಾಡುತ್ತಿದ್ದಾರೆ. ಜಾಹೀರಾತುಗಳು ಮತ್ತು ಸಿನಿಮಾ ಟ್ರೇಲರ್‌ಗಳು ಈ ಉಪಾಯವನ್ನು ಸವೆಸಿ ಹಾಕಿವೆ.

ಈ ಚಾಳಿಗೆ ದೊಡ್ಡ ಪ್ರೇರಣೆ ಯಾವುದೆಂದು ನೋಡಿದರೆ ನಿಮ್ಮ ತೊಂದರೆಯೂ ತಿಳಿಯುತ್ತದೆ. ‘ಮ್ಯಾಡ್ ವರ್ಲ್ಡ್’ ಹಾಡನ್ನು ಟಿಯರ್ಸ್ ಫಾರ್ ಫಿಯರ್ಸ್ ತಂಡ 1982ರಲ್ಲಿ ಸಿಂಥಸೈಜರ್ ಮತ್ತು ಚುರುಕಾದ ಡ್ರಮ್ ಇಟ್ಟು ಮಾಡಿತ್ತು. 2001ರಲ್ಲಿ ಒಂದು ಸಿನಿಮಾಕ್ಕಾಗಿ ಮೈಕಲ್ ಆಂಡ್ರ್ಯೂಸ್ ಮತ್ತು ಗ್ಯಾರಿ ಜೂಲ್ಸ್ ಅದೇ ಹಾಡಿನ ಬೀಟ್ ಪೂರ್ತಿ ಕಿತ್ತುಹಾಕಿದರು. ಎರಡು ವರ್ಷದ ನಂತರ ಅದು ಬ್ರಿಟನ್ನಿನ ಕ್ರಿಸ್‌ಮಸ್ ವಾರದ ಮೊದಲ ಸ್ಥಾನಕ್ಕೆ ಏರಿತು. ಅವರು ನಿಧಾನ ಮಾಡಿದ್ದು ನಿಜ, ಆದರೆ ಯಾಕೆ ಮಾಡಿದರು? ಆ ಸಾಹಿತ್ಯದಲ್ಲಿ ಮಂಕು ಮೊದಲಿನಿಂದಲೇ ಇತ್ತು. ಕಾಲು ಕುಣಿಸುವ ಬೀಟ್ ಅದನ್ನು ಮುಚ್ಚಿತ್ತು. ಅವರು ಮುಚ್ಚಳ ತೆಗೆದರು. ನೀವು ಮೊದಲು ನಿಧಾನ ಮಾಡಿ, ಆಮೇಲೆ ಅದಕ್ಕೊಂದು ಕಾರಣ ಹುಡುಕುತ್ತಿದ್ದೀರಿ. ನಿಮ್ಮ ಹಾಡಿನ ಸಾಹಿತ್ಯ ಒಳಗೂ ಹೊರಗೂ ಬರೀ ಸಡಗರವೇ ಆಗಿದ್ದರೆ ನಿಧಾನ ಮಾಡಿದಾಗ ಸಿಗುವುದು ದುಃಖವಲ್ಲ, ಸುಸ್ತು.

ವೇಗಕ್ಕೂ ಹೊಸತನಕ್ಕೂ ಅಂಥ ನೆಂಟಸ್ತಿಕೆಯೇನೂ ಇಲ್ಲ. ಈ ವಿಷಯ ಬಂದಾಗಲೆಲ್ಲ ನೀವೇ ಮುಂದಿಡುವ ಜಾನಿ ಕ್ಯಾಶ್ ಅವರ 2002ರ ‘ಹರ್ಟ್’ ತೆಗೆದುಕೊಳ್ಳಿ. ನೈನ್ ಇಂಚ್ ನೇಲ್ಸ್ ತಂಡದ 1994ರ ಮೂಲವೂ ನಿಧಾನದ ಹಾಡೇ! ಬದಲಾದದ್ದು ಬೇರೆ. ಮೂಲದ ಚರಣಗಳಲ್ಲಿ ಗಿಟಾರಿನ ಕೆಲವು ಸ್ವರಗಳು ಬೇಕೆಂದೇ ಒಂದಕ್ಕೊಂದು ತಿಕ್ಕಾಡುತ್ತವೆ, ಹಾಡು ಗದ್ದಲದಲ್ಲಿ ಮುಗಿಯುತ್ತದೆ. ಕ್ಯಾಶ್ ಆ ತಿಕ್ಕಾಟ ತೆಗೆದು ಸರಳವಾದ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು, ಇಟ್ಟರು. ಒಂದು ಬೈಗುಳದ ಪದ ತೆಗೆದು ಅಲ್ಲಿಗೆ ಮುಳ್ಳಿನ ಕಿರೀಟ ತಂದರು. ಉಳಿದ ಕೆಲಸ ಮಾಡಿದ್ದು ವಯಸ್ಸು. ಬರೆದ ಟ್ರೆಂಟ್ ರೆಝ್ನರ್‌ಗೆ ಆಗ ಮೂವತ್ತು ತುಂಬಿರಲಿಲ್ಲ, ಹಾಡಿದ ಕ್ಯಾಶ್‌ಗೆ ಎಪ್ಪತ್ತು. ತನ್ನನ್ನೇ ಹಳಿದುಕೊಳ್ಳುವ ಯುವಕನ ಮಾತು ಬಾಳಿನ ಲೆಕ್ಕ ಮುಗಿಸುತ್ತಿರುವ ಮುದುಕನ ಮಾತಾಯಿತು. ಪಿಸುಗುಟ್ಟಿದ ಮಾತ್ರಕ್ಕೆ ಇಪ್ಪತ್ತೆರಡರ ಹುಡುಗನಿಗೆ ಆ ಭಾರ ಬರುವುದಿಲ್ಲ. ದಯವಿಟ್ಟು ಆ ಹಾಡನ್ನು ಇನ್ನು ಸ್ವಲ್ಪ ದಿನ ಬಿಟ್ಟುಬಿಡಿ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಅರೇಂಜ್‌ಮೆಂಟ್, ಅಂದರೆ ಹಾಡಿಗೆ ವಾದ್ಯ, ದನಿ ಹೊಂದಿಸುವುದನ್ನು ಕಲಿಯಲು ನನ್ನ ಬಳಿ ಬರುವವರಿಗೆ ಮೊದಲು ವಾದ್ಯ ಮುಟ್ಟಲು ಬಿಡುವುದಿಲ್ಲ. ಈ ಹಾಡಿನಲ್ಲಿ ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಮಾತಾಡುತ್ತಿದ್ದಾರೆ ಎಂದು ಒಂದು ಸಾಲಿನಲ್ಲಿ ಬರೆಸುತ್ತೇನೆ. ನೀವು ಹಾಡುವಾಗ ಆ ಮೂರರಲ್ಲಿ ಯಾವುದು ಬದಲಾಗುತ್ತದೆ ಎಂದು ಇನ್ನೊಂದು ಸಾಲು. ಎರಡನೇ ಸಾಲು ಬರೆಯಲು ಆಗದವರು ಕವರ್ ಮಾಡುವುದು ಬೇಡ, ಮೂಲವನ್ನೇ ಕೇಳಿಕೊಂಡು ಸುಖವಾಗಿರಲಿ.

‘ರೆಸ್ಪೆಕ್ಟ್’ ನೋಡಿ. ಓಟಿಸ್ ರೆಡಿಂಗ್ 1965ರಲ್ಲಿ ತಾವೇ ಬರೆದು ಹಾಡಿದ್ದು. ದುಡಿದು ಮನೆಗೆ ಬರುವ ಗಂಡಸು ಹೆಂಗಸಿನ ಮುಂದೆ ನಿಂತು ಮರ್ಯಾದೆ ಕೊಡು ಎಂದು ಗೋಗರೆಯುತ್ತಾನೆ. ನಾನಿಲ್ಲದಾಗ ನೀನು ಬೇಕಾದ್ದು ಮಾಡಿಕೋ ಎನ್ನುವವರೆಗೂ ಹೋಗುತ್ತಾನೆ. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಅದೇ ಮಾತನ್ನು ಹೆಂಗಸಿನ ಬಾಯಿಗೆ ತಂದರು, ಆದರೆ ‘ಅವನು’ ಇದ್ದಲ್ಲಿ ‘ಅವಳು’ ಎಂದು ತಿದ್ದಿ ಕೈಬಿಡಲಿಲ್ಲ. ಇವಳು ಬೇಡುವುದಿಲ್ಲ. ನೀನಿಲ್ಲದಾಗ ನಾನು ತಪ್ಪು ಮಾಡುವವಳಲ್ಲ, ಆದ್ದರಿಂದ ನನಗೆ ಸಲ್ಲಬೇಕಾದ್ದು ಸಲ್ಲಲಿ ಎನ್ನುತ್ತಾಳೆ. ಇಷ್ಟು ತೀರ್ಮಾನವಾದ ಮೇಲೆ ಉಳಿದದ್ದೆಲ್ಲ ಅದರ ಹಿಂದೆ ಬಂತು. ಇಂಗ್ಲಿಷ್ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ದಡ್ಡನಿಗೆ ಪಾಠ ಹೇಳುವಂತೆ ಹೇಳುವ ಭಾಗವಿದೆಯಲ್ಲ, ಇಂದು ಎಲ್ಲರ ಬಾಯಲ್ಲಿರುವುದು? ಅದು ರೆಡಿಂಗ್ ಹಾಡಿನಲ್ಲಿ ಇರಲೇ ಇಲ್ಲ. ಹಿಂದಿನಿಂದ ಒತ್ತಾಸೆ ಕೊಡುವ ಹೆಣ್ಣುದನಿಗಳೂ ಇರಲಿಲ್ಲ. ಅಲ್ಲಿ ಅರೀಥಾರ ತಂಗಿ ಕ್ಯಾರೊಲಿನ್, ಅಕ್ಕ ಎರ್ಮಾ ಇದ್ದಾರೆ. ಒಬ್ಬಳ ಬೇಡಿಕೆ ಮೂವರದಾದಾಗ ಕೇಳುವವನ ಪಾಡು ಏನು! ನಡುವೆ ಕಿಂಗ್ ಕರ್ಟಿಸ್ ನುಡಿಸುವ ಸ್ಯಾಕ್ಸೊಫೋನ್ ಭಾಗವೂ ಹೊಸದೇ, ಅದರ ಕಾರ್ಡ್‌ಗಳು ಇನ್ನೊಂದು ಹಾಡಿನಿಂದ ಬಂದವು. ಇಷ್ಟಾದರೂ ಹಾಡಿನ ಚುರುಕು ಕಡಿಮೆಯಾಗಲಿಲ್ಲ, ಯಾರೂ ಪಿಸುಗುಡಲಿಲ್ಲ.

ಮಾತಾಡುವವರನ್ನು ಬದಲಿಸಲು ಆಗದಿದ್ದರೆ ಹೊರಗಿನ ವಾತಾವರಣ ಬದಲಿಸಬಹುದು. ಬಾಬ್ ಡಿಲನ್ 1967ರಲ್ಲಿ ‘ಆಲ್ ಅಲಾಂಗ್ ದ ವಾಚ್‌ಟವರ್’ ಹಾಡಿದ್ದು ಗಿಟಾರ್, ಹಾರ್ಮೋನಿಕಾ, ಬೇಸ್, ಡ್ರಮ್ ಇಷ್ಟರಲ್ಲೇ, ಒಣದನಿಯಲ್ಲಿ. ಮುಂದಿನ ವರ್ಷ ಜಿಮಿ ಹೆಂಡ್ರಿಕ್ಸ್ ಅದಕ್ಕೆ ಬಿರುಗಾಳಿ ಎಬ್ಬಿಸಿದರು. ಕಲಿಯುವವರು ಗಮನಿಸಬೇಕಾದ್ದು ಇಲ್ಲೊಂದಿದೆ. ಇಡೀ ಹಾಡಿಗೆ ಮೂರೇ ಕಾರ್ಡ್, ಸುತ್ತಿ ಸುತ್ತಿ ಅವೇ. ಹೆಂಡ್ರಿಕ್ಸ್ ಅವನ್ನು ಮುಟ್ಟಲೇ ಇಲ್ಲ. ಬದಲಿಗೆ ನಡುವಿನ ಸೋಲೋವನ್ನು ನಾಲ್ಕು ತುಂಡು ಮಾಡಿದರು: ಮೊದಲು ಮಾಮೂಲಿ ಲೀಡ್, ಆಮೇಲೆ ಸ್ಲೈಡ್, ಆಮೇಲೆ ವಾ-ವಾ ಪೆಡಲ್, ಕೊನೆಗೆ ಬರೀ ಕಾರ್ಡ್‌ಗಳ ಸ್ಟ್ರೋಕ್. ಕಾರ್ಡ್ ನಿಂತಲ್ಲೇ ನಿಂತಿರುವಾಗ ಗಿಟಾರಿನ ದನಿ ಮುಂದೆ ನಡೆಯುತ್ತದೆ. ಮುಂದೆ ಡಿಲನ್ ಅವರೇ ವೇದಿಕೆಯ ಮೇಲೆ ಹೆಂಡ್ರಿಕ್ಸ್ ದಾರಿ ಹಿಡಿದರು. ನಿಮ್ಮ ಲ್ಯಾಪ್‌ಟಾಪಿನಲ್ಲಿ ನೂರಾರು ದನಿಗಳಿವೆ, ನೀವು ಬಳಸಿದ್ದು ಒಂದು ಪಿಯಾನೋ.

ಹಾಗೆಂದು ಪಿಯಾನೋ ಏನೂ ಪಾಪ ಮಾಡಿಲ್ಲ. ಲಿಯೊನಾರ್ಡ್ ಕೋಹೆನ್ 1984ರ ‘ಹಲ್ಲೆಲೂಯ’ವನ್ನು ಸಿಂಥಸೈಜರ್ ಮತ್ತು ವೃಂದದೊಡನೆ ಮಾಡಿದ್ದರು. ಅದನ್ನು ಬರೀ ಪಿಯಾನೋಗೆ ತಂದದ್ದು 1991ರಲ್ಲಿ ಜಾನ್ ಕೇಲ್. ಆದರೆ ಅವರ ನಿಜವಾದ ಕೆಲಸ ಪಿಯಾನೋ ಮುಂದೆ ಕೂರುವ ಮೊದಲೇ ಮುಗಿದಿತ್ತು. ಕೋಹೆನ್ ಆ ಹಾಡಿಗೆ ಬರೆದಿಟ್ಟಿದ್ದ ಚರಣಗಳು ಬೇಕಾದಷ್ಟು. ಕೇಲ್ ಕೇಳಿದಾಗ ಅವು ಪುಟಗಟ್ಟಲೆ ಫ್ಯಾಕ್ಸಿನಲ್ಲಿ ಬಂದವು. ಅದರಲ್ಲಿ ತಮಗೆ ಬೇಕಾದ ಕೆಲವನ್ನೇ ಆರಿಸಿಕೊಂಡರು. ದೇವರ ಮುಂದೆ ನಿಂತಿದ್ದ ಹಾಡು ಕೋಣೆಯೊಳಗಿನ ಪ್ರೇಮದ ಕಡೆಗೆ ವಾಲಿತು. ಜೆಫ್ ಬಕ್ಲಿ 1994ರಲ್ಲಿ ಹಾಡಿದ್ದು ಹೆಚ್ಚುಕಡಿಮೆ ಕೇಲ್ ಕಟ್ಟಿದ ಹಾಡನ್ನೇ. ಇಂದು ಸ್ಪರ್ಧೆಗಳಲ್ಲಿ ಕಣ್ಣು ಮುಚ್ಚಿ ಹಾಡುವ ಬಹುಪಾಲು ಮಂದಿ ಕವರ್‌ನ ಕವರ್ ಹಾಡುತ್ತಿರುತ್ತಾರೆ. ಚರಣ ಕೈಬಿಡುವುದು, ಸರದಿ ಬದಲಿಸುವುದು ಕೂಡ ಅರೇಂಜ್‌ಮೆಂಟೇ. ಅದಕ್ಕೆ ಸಾಫ್ಟ್‌ವೇರ್ ಬೇಡ, ಪೆನ್ಸಿಲ್ ಸಾಕು.

ಇನ್ನು ನಿಮ್ಮ ರೆಕಾರ್ಡಿಂಗ್ ವಿಷಯ. 120 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 120 ಬೀಟ್‌ಗಳ ವೇಗದಲ್ಲಿ, ಮೂರು ನಿಮಿಷದ ಹಾಡನ್ನು 70ಕ್ಕೆ ಇಳಿಸಿದರೆ ಐದು ನಿಮಿಷ ದಾಟುತ್ತದೆ. ನಿಮ್ಮದೂ ದಾಟಿರುತ್ತದೆ. ಪ್ರತಿ ಅಕ್ಷರಕ್ಕೂ ಜಾಗ ಹೆಚ್ಚಾಯಿತು, ಆ ಖಾಲಿ ಜಾಗಕ್ಕೆ ಹೆದರಿ ದನಿಯನ್ನು ಸುರುಳಿ ಸುತ್ತಿಸಿ ತುಂಬಿದಿರಿ. ಒಂದು ಚರಣ ಪೂರ್ತಿ ತೆಗೆಯಿರಿ. ಸುರುಳಿಗಳನ್ನೂ ತೆಗೆಯಿರಿ.

ಶ್ರುತಿಯನ್ನು ಮೂಲ ಗಾಯಕರದ್ದೇ ಇಟ್ಟಿದ್ದೀರಾ? ಬೇಡ. ಅತಿ ಮೇಲಿನ ಸ್ವರ ಮುಟ್ಟುತ್ತದೆಯೇ ಎಂದಷ್ಟೇ ನೋಡಿಕೊಳ್ಳಬೇಡಿ, ಕೆಳಗಿನ ಸ್ವರದಲ್ಲಿ ಮಾತು ಕೇಳಿಸುತ್ತದೆಯೇ ನೋಡಿ. ಅದೇ ಟ್ಯೂನ್ ನಾಲ್ಕೈದು ಅರ್ಧಸ್ವರ ಕೆಳಗಿಳಿದರೆ ಕೂಗಾಟ ಹೋಗಿ ಮಾತುಕತೆಯಾಗುತ್ತದೆ. ವೇಗ ಬದಲಿಸದೆಯೂ ಹಾಡಿನ ಮನಸ್ಸು ಬದಲಾಗುವುದು ಇಲ್ಲಿ.

ತಾರಕಕ್ಕೆ ಎಲ್ಲಿ ಹೋಗುತ್ತೀರಿ ಎಂಬುದನ್ನೂ ಮೊದಲೇ ಗುರುತು ಮಾಡಿಕೊಳ್ಳಿ. ಡಾಲಿ ಪಾರ್ಟನ್ 1974ರಲ್ಲಿ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡಿನ ಒಂದು ಚರಣವನ್ನು ಹಾಡದೆ ಮಾತಿನಂತೆ ಹೇಳಿಬಿಡುತ್ತಾರೆ. ವಿಟ್ನಿ ಹ್ಯೂಸ್ಟನ್ 1992ರಲ್ಲಿ ಯಾವ ವಾದ್ಯವೂ ಇಲ್ಲದೆ ಶುರು ಮಾಡಿ, ಕೊನೆಯ ಪಲ್ಲವಿಗೆ ಮೊದಲು ಎಲ್ಲವನ್ನೂ ನಿಲ್ಲಿಸಿ, ಒಂದು ಡ್ರಮ್ ಏಟಿನ ಮೇಲೆ ಶ್ರುತಿ ಏರಿಸುತ್ತಾರೆ. ಎಲ್ಲರಿಗೂ ನೆನಪಿರುವುದು ಏರಿದ ಶ್ರುತಿ. ಅದನ್ನು ಏರಲು ಬಿಟ್ಟದ್ದು ಅದಕ್ಕಿಂತ ಮುಂಚಿನ ಮೌನ. ನಿಮ್ಮ ಹಾಡು ಮೊದಲಿನಿಂದ ಕೊನೆಯವರೆಗೆ ಒಂದೇ ಎತ್ತರದಲ್ಲಿದ್ದರೆ ಯಾರು ಎರಡನೇ ಸಲ ಕೇಳುತ್ತಾರೆ?

ವಿಡಿಯೋ ಕೆಳಗೆ ‘ಎಲ್ಲ ಹಕ್ಕುಗಳೂ ಮೂಲ ಮಾಲೀಕರವು’ ಎಂದು ಬರೆದರೆ ಸಾಕಲ್ಲವೇ? ಮೂವತ್ತು ಸೆಕೆಂಡಿನೊಳಗಿದ್ದರೆ ಕಾಪಿರೈಟ್ ಬರುವುದಿಲ್ಲವಂತೆ?

ಎರಡೂ ಸುಳ್ಳು. ಮೊದಲನೆಯದು ಬೇರೆಯವರ ಸೊತ್ತೆಂದು ಗೊತ್ತಿದ್ದೇ ತೆಗೆದುಕೊಂಡೆ ಎಂದು ನೀವೇ ಬರೆದುಕೊಟ್ಟಂತೆ. ಎರಡನೆಯದು ಯಾವ ಕಾನೂನಿನಲ್ಲೂ ಇಲ್ಲದ ಗಾಳಿಮಾತು.

ಒಂದು ಹಾಡಿನಲ್ಲಿ ಎರಡು ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ಟ್ಯೂನಿನದು ಒಂದು, ರೆಕಾರ್ಡಿಂಗಿನದು ಇನ್ನೊಂದು. ಎಲ್ಲವನ್ನೂ ನೀವೇ ಹೊಸದಾಗಿ ನುಡಿಸಿ ಹಾಡಿದರೆ ಮೊದಲನೆಯದು ಮಾತ್ರ ಪ್ರಶ್ನೆ. ಯಾರದೋ ಕರೋಕೆ ಟ್ರ್ಯಾಕ್ ಇಳಿಸಿಕೊಂಡು ಹಾಡಿದರೆ ಎರಡನೆಯದೂ ತಗಲಿಕೊಳ್ಳುತ್ತದೆ. ಅಮೆರಿಕದಲ್ಲಿ 1909ರ ಕಾಯ್ದೆಯಿಂದ ಒಂದು ಏರ್ಪಾಡಿದೆ: ಒಮ್ಮೆ ಅನುಮತಿಯೊಡನೆ ಬಿಡುಗಡೆಯಾದ ಹಾಡನ್ನು ನಿಗದಿಯಾದ ಹಣ ಕಟ್ಟಿ ಬೇರೆಯವರೂ ರೆಕಾರ್ಡ್ ಮಾಡಬಹುದು. ಈಗಿನ ಕಾನೂನಿನ ಪ್ರಕಾರ ನಿಮ್ಮ ಶೈಲಿಗೆ ಹೊಂದಿಸಿಕೊಳ್ಳಬಹುದು, ಮೂಲ ಟ್ಯೂನನ್ನೂ ಹಾಡಿನ ಮೂಲಗುಣವನ್ನೂ ಬದಲಿಸುವಂತಿಲ್ಲ. ಇದು ದನಿಗೆ ಮಾತ್ರ, ದೃಶ್ಯ ಸೇರಿಸಿದರೆ ಬೇರೆ ಅನುಮತಿ ಬೇಕು. ಬೇರೆ ದೇಶಗಳಲ್ಲಿ ನಿಯಮ ಬೇರೆ. ನಿಮ್ಮ ವಿಡಿಯೋವನ್ನು ಯಾರೂ ತೆಗೆಸದೆ ಬಿಟ್ಟಿದ್ದರೆ, ಆ ಜಾಲತಾಣಕ್ಕೂ ಹಾಡಿನ ಹಕ್ಕುದಾರರಿಗೂ ಒಪ್ಪಂದವಿದ್ದು ಹಣ ಅವರಿಗೆ ಹೋಗುತ್ತಿರಬಹುದು. ಅದನ್ನು ನಿಮ್ಮ ಹಕ್ಕೆಂದು ತಿಳಿಯಬೇಡಿ. ಸಾಹಿತ್ಯ ಅನುವಾದಿಸಿ ಹಾಡುವವರು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಈ ವಿಷಯದಲ್ಲಿ ನಾನು ಪುಕ್ಕಲ, ನೀವೂ ಪುಕ್ಕಲರಾಗಿರುವುದು ವಾಸಿ.

ಹಳೆಯ ಹಾಡುಗಳನ್ನು 432 ಹರ್ಟ್ಸ್‌ಗೆ ಇಳಿಸಿ ಕವರ್ ಮಾಡಿದರೆ ಕೇಳುವವರ ಕಾಯಿಲೆ ವಾಸಿಯಾಗುತ್ತದೆಂದು ಒಬ್ಬರು ಕೋರ್ಸ್ ಮಾಡುತ್ತಿದ್ದಾರೆ. ಸೇರಬಹುದೇ?

ಹಣ ಉಳಿಸಿಕೊಳ್ಳಿ. ವಾದ್ಯಗಾರರು ಶ್ರುತಿ ಸೇರಿಸಿಕೊಳ್ಳುವ ‘ಎ’ ಸ್ವರವನ್ನು 440 ಹರ್ಟ್ಸ್‌ನಿಂದ 432ಕ್ಕೆ ಇಳಿಸುವುದೆಂದರೆ ಒಂದು ಅರ್ಧಸ್ವರದ ಮೂರನೇ ಒಂದು ಭಾಗದಷ್ಟು ಕೆಳಗೆ ಹೋಗುವುದು. ಅದರಿಂದ ಕಾಯಿಲೆ ವಾಸಿಯಾಗುವುದಾದರೆ ತಂತಿ ಸಡಿಲವಾದ ಗಿಟಾರುಗಳೆಲ್ಲ ಆಸ್ಪತ್ರೆ ತೆರೆಯಬಹುದಿತ್ತು. 440 ಎಂಬುದು ಯಾರದೋ ಪಿತೂರಿಯಂತೆ! ವಾದ್ಯಗಾರರು ಒಟ್ಟಿಗೆ ನುಡಿಸಲು ಒಂದು ಶ್ರುತಿ ಬೇಕಿತ್ತು, ಅಷ್ಟೇ. ಫ್ರಾನ್ಸ್ 1859ರಲ್ಲಿ 435 ಎಂದು ನಿಗದಿ ಮಾಡಿತ್ತು, 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆ 440 ಇರಲಿ ಎಂದಿತು. ಕಾಯಿಲೆಯಿದ್ದವರನ್ನು ವೈದ್ಯರ ಹತ್ತಿರ ಕಳಿಸಿ.

ಮೇಜರ್ ಹಾಡನ್ನು ಸಾಫ್ಟ್‌ವೇರಿನಲ್ಲಿ ಮೈನರ್ ಮಾಡಿದೆ. ಇದು ಹೊಸತಲ್ಲವೇ?

ಗಾಂಧಾರ, ಧೈವತ, ನಿಷಾದ ಅರ್ಧಸ್ವರ ಕೆಳಗಿಳಿದವು, ಅಂದರೆ ಟ್ಯೂನೇ ಬೇರೆಯಾಯಿತು. ಅರ್ಧ ನಿಮಿಷ ತಮಾಷೆಯಾಗಿರುತ್ತದೆ.

ತೀರಿಹೋದ ಗಾಯಕರ ದನಿಯಲ್ಲಿ ಎಐ ಮೂಲಕ ಕವರ್ ಮಾಡಿಸಬಹುದೇ?

ಅವರ ಮನೆಯವರನ್ನು ಕೇಳಿ. ನನ್ನನ್ನು ಕೇಳಬೇಡಿ.

ಮೂಲ ಗಾಯಕರ ಒಂದೊಂದು ಉಸಿರನ್ನೂ ಬಿಡದೆ ಹಾಗೇ ಹಾಡಿದ್ದೇನೆ. ಅದೇ ಅವರಿಗೆ ಕೊಡುವ ಗೌರವವಲ್ಲವೇ?

ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಕೇಳುವವರ ಬಳಿ ಆ ರೆಕಾರ್ಡ್ ಆಗಲೇ ಇದೆ.

ಲಿಂಕ್ ಕಳಿಸಿದ್ದೇನೆ ಸರ್, ದಯವಿಟ್ಟು ಕೇಳಿ ಅಭಿಪ್ರಾಯ ತಿಳಿಸಿ.

ಪಕ್ಕವಾದ್ಯ, ರಿವರ್ಬ್, ಆಟೋಟ್ಯೂನ್ ಯಾವುದೂ ಬೇಡ. ತಾಳ ತಟ್ಟಿಕೊಂಡು ಒಂದು ಪಲ್ಲವಿ, ಒಂದು ಚರಣ ಹಾಡಿ, ಎಡಿಟ್ ಮಾಡದೆ ಕಳಿಸಿ. ಜೊತೆಗೆ ಮೇಲೆ ಹೇಳಿದ ಎರಡು ಸಾಲುಗಳನ್ನೂ ಬರೆಯಿರಿ. ಆಗ ಕೇಳುತ್ತೇನೆ.