ಎಲ್ಲ ಚರ್ಚೂ ಒಂದೇ ಥರ ಏಕೆ? ಒಂದು ಮಾತ್ರ ಬೇರೆ ಥರ ಏಕೆ?

ಮೈಸೂರಿನ ಓದುಗರೊಬ್ಬರ ಪತ್ರ: "ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಯಾವ ಹಳ್ಳಿಗೆ ಹೋದರೂ ಅದೇ ಚೂಪು ಕಮಾನಿನ ಚರ್ಚು. ಆರುನೂರು ವರ್ಷ ಹಳೆಯವು ಅಂದುಕೊಂಡಿದ್ದೆ. ಎಷ್ಟೋ ಚರ್ಚುಗಳು ವಿಕ್ಟೋರಿಯಾ ರಾಣಿಯ ಕಾಲದವು ಅಂದಳು ಮಗಳು. ಹಾಗಾದರೆ ಅವೆಲ್ಲ ಬರೀ ನಕಲಾ? ಬೇರೆ ಥರ ಕಟ್ಟೋಣ ಅಂತ ಯಾರಿಗೂ ಅನ್ನಿಸಲೇ ಇಲ್ವಾ?"

ಸಂಪಾದಕರ ಉತ್ತರ:

ನಿಮ್ಮ ಮಗಳು ಹೇಳಿದ್ದು ಸರಿ. ಆದರೆ 'ಬರೀ ನಕಲು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಅಗಸ್ಟಸ್ ಪ್ಯುಜಿನ್ ಎಂಬ ಇಪ್ಪತ್ತನಾಲ್ಕರ ಹುಡುಗ ಒಂದು ಪುಸ್ತಕ ಬರೆದು ಗದ್ದಲ ಎಬ್ಬಿಸಿದ್ದ. ಮಧ್ಯಯುಗದ ಊರು ಹೇಗಿತ್ತು, ಈಗಿನ ಊರು ಹೇಗಾಗಿದೆ ಅಂತ ಅಕ್ಕಪಕ್ಕ ಚಿತ್ರ ಬರೆದು ತೋರಿಸಿದ. ಅವನ ಪ್ರಕಾರ ಕ್ರೈಸ್ತರಿಗೆ ತಕ್ಕ ಕಟ್ಟಡವೆಂದರೆ ಚೂಪು ಕಮಾನಿನ ಗಾಥಿಕ್ ಕಟ್ಟಡ ಒಂದೇ. 1839ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಗಳು ಒಂದು ಸಂಘ ಕಟ್ಟಿದರು. ಎರಡು ವರ್ಷದ ಮೇಲೆ ಪತ್ರಿಕೆಯನ್ನೂ ಶುರು ಮಾಡಿದರು. ಬಲಿಪೀಠದ ಭಾಗ ಉದ್ದವಾಗಿರಬೇಕು, ಮೆಟ್ಟಿಲೇರಿ ಹೋಗುವಂತಿರಬೇಕು, ಅಟ್ಟದ ಸೀಟುಗಳು ಬೇಡ ಅಂತೆಲ್ಲ ನಿಯಮ ಹಾಕಿದರು. ತಪ್ಪಿದ ಚರ್ಚುಗಳನ್ನು ಪತ್ರಿಕೆಯಲ್ಲಿ ಹೆಸರು ಹಿಡಿದು ಬೈಯುತ್ತಿದ್ದರು. ಪಾದ್ರಿಗಳಿಗೂ ಹಣ ಕೊಡುವ ಜಮೀನ್ದಾರರಿಗೂ ಆ ಪತ್ರಿಕೆಯ ಭಯ ಇತ್ತು. ಎಲ್ಲವೂ ಒಂದೇ ಥರ ಕಾಣುವುದಕ್ಕೆ ಇದು ದೊಡ್ಡ ಕಾರಣ.

ಅವರ ಬೇಡಿಕೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದಿದೆ. ಆಗ ಚರ್ಚಿನೊಳಗೆ ಅನುಕೂಲಸ್ಥರ ಮನೆಗಳಿಗೆ ಬಾಗಿಲು ಹಾಕಿದ, ಎದೆಮಟ್ಟದ ಮರದ ಗೂಡುಗಳಿರುತ್ತಿದ್ದವು. ಅವು ಅವರವರ ಸ್ವಂತ ಜಾಗ. ಬಡವರು ಹಿಂದೆ ಎಲ್ಲೋ ಕೂರಬೇಕಿತ್ತು. ಆ ಗೂಡುಗಳನ್ನು ಕಿತ್ತು ಎಲ್ಲರಿಗೂ ಒಂದೇ ಥರದ ಬೆಂಚು ಹಾಕಿ ಅಂತ ಈ ಹುಡುಗರು ಹಟ ಹಿಡಿದರು. ಸುಮ್ನೆ ಹಳೆಯದರ ಮೋಹ ಅಂತ ಇದನ್ನು ತಳ್ಳಿಹಾಕೋದು ಹೇಗೆ ಹೇಳಿ?

ಈಗ ನಿಮ್ಮ ಎರಡನೇ ಪ್ರಶ್ನೆ. ಬೇರೆ ಥರ ಕಟ್ಟಿದವರು ಇದ್ದರು. ಇವರಲ್ಲಿ ನಾನು ತುಂಬ ಮೆಚ್ಚುವುದು ಸಾರಾ ಲಾಷ್ ಅವರನ್ನು.

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಕಾರ್ಲೈಲ್ ಪಟ್ಟಣಕ್ಕೆ ಹತ್ತಿರದಲ್ಲೇ ರೀಯ ಎಂಬ ಸಣ್ಣ ಹಳ್ಳಿ ಇದೆ. ಲಾಷ್ ಅವರದ್ದು ಅಲ್ಲಿಯ ಜಮೀನ್ದಾರಿ ಮನೆತನ. ನ್ಯೂಕಾಸಲ್ ಬಳಿ ರಾಸಾಯನಿಕ ಕಾರ್ಖಾನೆಯೂ ಇತ್ತು. ಸಾರಾ ಮತ್ತು ತಂಗಿ ಕ್ಯಾಥರೀನ್ ಇಬ್ಬರೂ ಮದುವೆಯಾಗಲಿಲ್ಲ. ಇಟಲಿ ಸುತ್ತಿ ಬಂದಿದ್ದರು, ಅಲ್ಲಿಯ ಹಳೇ ಚರ್ಚುಗಳನ್ನು ಕಣ್ತುಂಬ ನೋಡಿದ್ದರು. 1835ರಲ್ಲಿ ಕ್ಯಾಥರೀನ್ ತೀರಿಕೊಂಡರು. ಹಳ್ಳಿಯ ಹಳೇ ಚರ್ಚು ಬೀಳುವ ಸ್ಥಿತಿಯಲ್ಲಿತ್ತು. ಹೊಸದನ್ನು ನನ್ನ ಖರ್ಚಿನಲ್ಲಿ ಕಟ್ಟಿಸುತ್ತೇನೆ, ಆದರೆ ಹೇಗೆ ಕಟ್ಟಬೇಕು ಅಂತ ಯಾರೂ ನನಗೆ ಹೇಳಬಾರದು ಎಂದು ಸಾರಾ ಷರತ್ತು ಹಾಕಿದರು. 1842ರ ಡಿಸೆಂಬರಿನಲ್ಲಿ ಕಟ್ಟಡ ಪ್ರತಿಷ್ಠೆಯಾಯಿತು. ಕೇಂಬ್ರಿಜ್‌ನ ನಿಯಮಗಳು ಎಲ್ಲೆಡೆ ಹಬ್ಬುತ್ತಿದ್ದ ಹೊತ್ತು ಅದು.

ಇಲ್ಲಿ ಚೂಪು ಕಮಾನು ಇಲ್ಲ. ಎಲ್ಲ ದುಂಡು ಕಮಾನು. ಬಲಿಪೀಠದ ಹಿಂದೆ ಅರ್ಧಚಂದ್ರದ ಆಕಾರದಲ್ಲಿ ಸಾಲು ಕಂಬಗಳು, ಮೊದಲ ಶತಮಾನಗಳ ಇಟಲಿಯ ಚರ್ಚುಗಳಂತೆ. ಸೂರಿನ ಅಂಚಿನಲ್ಲಿ ಆಮೆ, ಹಾವು. ಕಿಟಕಿಗಳ ಸುತ್ತ ಗೂಬೆ, ಬಾವಲಿ, ಚಿಟ್ಟೆ, ಗಸಗಸೆ ಹೂವು, ಗೋಧಿ ತೆನೆ. ಆಮೋನೈಟ್ ಎಂಬ ಸುರುಳಿ ಚಿಪ್ಪಿನ ಪಳೆಯುಳಿಕೆಯೂ ಅಲ್ಲಿದೆ. ಭೂಮಿಗೆ ಎಷ್ಟು ವಯಸ್ಸು ಅಂತ ಭೂವಿಜ್ಞಾನಿಗಳು ಹೊಸದಾಗಿ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ, ಅದರ ಸಾಕ್ಷಿಯನ್ನೇ ಒಬ್ಬ ಹೆಣ್ಣುಮಗಳು ಚರ್ಚಿನ ಗೋಡೆಯಲ್ಲಿ ಕೆತ್ತಿಸಿದರು!

ಕೆಲಸ ಮಾಡಿದ್ದು ಊರಿನ ಕೈಗಳೇ. ಮುಖ್ಯ ಕಲ್ಲುಕುಟಿಗ ವಿಲಿಯಂ ಹಿಂಡ್ಸನ್. ದೀಕ್ಷಾಸ್ನಾನದ ತೊಟ್ಟಿಯನ್ನು ಸಾರಾ ಅವರೇ ತಮ್ಮ ಬಂಧುವೊಬ್ಬರ ಜೊತೆ ಸೇರಿ ಕೆತ್ತಿದರು. ಅಲಬಾಸ್ಟರ್ ಎಂಬ ನಯವಾದ ಕಲ್ಲು. ಮುಚ್ಚಳದ ಮೇಲೆ ಕನ್ನಡಿ, ಕನ್ನಡಿಯ ಮೇಲೆ ಕಲ್ಲಿನ ನೈದಿಲೆಗಳು. ನೋಡಿದರೆ ನೀರಿನಲ್ಲಿ ತೇಲಿದಂತೆಯೇ ಕಾಣುತ್ತವೆ. ಬಲಿಪೀಠದ ಮೇಲಿನ ದೀಪಸ್ತಂಭಗಳು ಕಮಲದ ಆಕಾರದವು. ಉಪದೇಶ ಪೀಠ ಮಾಡಿದ್ದು ಜೌಗು ನೆಲದಲ್ಲಿ ಹೂತು ಕಪ್ಪಾಗಿದ್ದ ಓಕ್ ಮರದ ಪೊಳ್ಳು ಕಾಂಡದಿಂದ.

ಎಲ್ಲಕ್ಕಿಂತ ಜಾಸ್ತಿ ಕಾಣುವುದು ಪೈನ್ ಮರದ ಕಾಯಿ. ಒಣಗಿದ ಕಾಯಿ ಬಿಚ್ಚಿ ಬೀಜ ಉದುರುತ್ತದೆ, ಮತ್ತೆ ಮರ ಏಳುತ್ತದೆ. ಮರುಹುಟ್ಟಿನ ಬಹಳ ಹಳೆಯ ಗುರುತು ಅದು. ಗೋಡೆಗೆ ನಾಟಿದಂತೆ ಬಾಣಗಳೂ ಇವೆ. ಸಾರಾ ಅವರ ಸ್ನೇಹಿತ ಮೇಜರ್ ವಿಲಿಯಂ ಥೇನ್ 1842ರಲ್ಲಿ, ಕಾಬೂಲಿನಿಂದ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಹಿಂದೆ ಸರಿಯುವಾಗ ಸತ್ತರು. ಬಾಣಗಳು ಅವರ ನೆನಪಿಗೆ ಎನ್ನುತ್ತಾರೆ. ಚರ್ಚಿನ ಅಂಗಳದಲ್ಲಿ ದಪ್ಪ ಬಂಡೆಗಳ ಒಂದು ಸಣ್ಣ ಗುಡಿ ಇದೆ. ಅದರೊಳಗೆ ಕೂತ ಕ್ಯಾಥರೀನ್ ಅಮೃತಶಿಲೆಯಲ್ಲಿದ್ದಾರೆ, ಕೈಯಲ್ಲಿ ಪೈನ್ ಕಾಯಿ. 1853ರಲ್ಲಿ ತೀರಿಕೊಂಡ ಸಾರಾ ಅವರನ್ನು ತಂಗಿಯ ಜೊತೆಗೇ ಮಣ್ಣು ಮಾಡಿದರು.

ಕವಿ, ಚಿತ್ರಕಾರ ಡಾಂಟೆ ಗೇಬ್ರಿಯಲ್ ರೊಸೆಟ್ಟಿ 1869ರಲ್ಲಿ ಇದನ್ನು ನೋಡಿ ಬೆರಗಾದ. ಹಾಗಿದ್ದೂ ಸಾರಾ ಹೆಸರು ಬಹುಕಾಲ ಆ ಸೀಮೆಯಾಚೆ ಹೆಚ್ಚು ಕೇಳಿಸಲಿಲ್ಲ. ಅದು ನನಗೆ ಈಗಲೂ ಬೇಜಾರಿನ ವಿಷಯ. ಪ್ಯುಜಿನ್‌ಗೆ ಕೊಟ್ಟ ಪುಟಗಳಲ್ಲಿ ಕಾಲುಭಾಗವಾದರೂ ಈಕೆಗೆ ಸಿಗಬೇಕಿತ್ತು ಅಲ್ವಾ?

ಮುಂದಿನ ಸಲ ಹೋದಾಗ, ಹಳೆಯದು ಯಾವುದು, ವಿಕ್ಟೋರಿಯಾ ಕಾಲದ್ದು ಯಾವುದು ಅಂತ ನೀವೇ ಸುಮಾರಾಗಿ ಗುರುತಿಸಬಹುದು. ಹಳೇ ಚರ್ಚು ಒಂದೇ ಸಲಕ್ಕೆ ಕಟ್ಟಿದ್ದಾಗಿರುವುದು ಅಪರೂಪ. ಒಂದು ಕಿಟಕಿ ಒಂದು ಶತಮಾನದ್ದಾದರೆ ಪಕ್ಕದ್ದು ಇನ್ನೊಂದರದ್ದು. ಗೋಡೆ ಓರೆಕೋರೆ. ಎಲ್ಲ ಕಿಟಕಿಗಳೂ ಒಂದೇ ಅಚ್ಚಿನವಾಗಿ, ಕಲ್ಲಿನ ಅಂಚು ನೇರವಾಗಿ, ನೆಲಕ್ಕೆ ಕೆಂಪು ಹಳದಿ ಚಿತ್ತಾರದ ಟೈಲ್ಸ್ ಇದ್ದರೆ ಹತ್ತೊಂಬತ್ತನೇ ಶತಮಾನದ್ದು ಅನ್ನಿ. ಒಂದು ತೊಡಕಿದೆ. ಆ ಕಾಲದವರು ಹಳೆಯವನ್ನೂ 'ದುರಸ್ತಿ' ಹೆಸರಲ್ಲಿ ಕೆರೆದು ಹೊಸದು ಮಾಡಿಬಿಟ್ಟರು. ಅದನ್ನು ತಡೆಯಲೆಂದೇ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘ ಕಟ್ಟಿದರು. ಆದ್ದರಿಂದ ಟೈಲ್ಸ್ ಒಂದನ್ನೇ ನಂಬಬೇಡಿ, ಗೋಡೆಯನ್ನು ಹೊರಗಿನಿಂದ ಒಂದು ಸುತ್ತು ಹಾಕಿ ನೋಡಿ.