ಅಯೋವಾ ಅಫೆನ್ಸ್ ಸೊರಗಿದ್ದಕ್ಕೆ ಹೊಣೆ ಯಾರು?

2023ರಲ್ಲಿ ಅಯೋವಾ ಕಾಲೇಜು ಅಮೆರಿಕನ್ ಫುಟ್‌ಬಾಲ್ ತಂಡದ ಅಫೆನ್ಸ್ (ದಾಳಿ ಪಡೆ) ಪಾಯಿಂಟ್ ಗಳಿಸಲು ಒದ್ದಾಡಿದ್ದು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ತಪ್ಪಾ ಅಂತ ಕೇಳಿದ್ದೀರಿ. ಪಾಪ, ಅವರನ್ನ ಬಿಡಿ. ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಕೇಡ್ ಮೆಕ್‌ನಮಾರಾ ಸೆಪ್ಟೆಂಬರ್ ಕೊನೆಯಲ್ಲೇ ಮೊಣಕಾಲಿಗೆ ಪೆಟ್ಟಾಗಿ ಹೊರಗೆ ಕೂತರು. ರೋಗ ಹಳೆಯದು. 2022ರ ಮೊದಲ ಪಂದ್ಯ ನೆನಪಿದೆಯಾ? ಸೌತ್ ಡಕೋಟಾ ಸ್ಟೇಟ್ ವಿರುದ್ಧ 7-3ರ ಗೆಲುವು, ಒಂದೂ ಟಚ್‌ಡೌನ್ (ಚೆಂಡನ್ನು ಎದುರಾಳಿಯ ತುದಿ ವಲಯಕ್ಕೆ ತಲುಪಿಸಿ ಗಳಿಸುವ 6 ಪಾಯಿಂಟ್) ಇಲ್ಲ! ಒಂದು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದರೆ 3 ಪಾಯಿಂಟ್), ಎರಡು ಸೇಫ್ಟಿ (ಎದುರಾಳಿಯನ್ನು ಅವರದೇ ತುದಿ ವಲಯದಲ್ಲಿ ಹಿಡಿದರೆ ತಲಾ 2 ಪಾಯಿಂಟ್). ಅಂದರೆ ಏಳರಲ್ಲಿ ನಾಲ್ಕು ಪಾಯಿಂಟ್ ತಂದುಕೊಟ್ಟಿದ್ದೇ ಡಿಫೆನ್ಸ್ (ರಕ್ಷಣಾ ಪಡೆ).

ಅಫೆನ್ಸ್ ನೋಡಿಕೊಳ್ಳುತ್ತಿದ್ದವರು ಬ್ರಯಾನ್ ಫೆರೆಂಟ್ಸ್, ಮುಖ್ಯ ಕೋಚ್ ಕರ್ಕ್ ಅವರ ಮಗ. ಪಂದ್ಯಕ್ಕೆ ಸರಾಸರಿ 25 ಪಾಯಿಂಟ್ ಬರಬೇಕು ಅಂತ 2023ಕ್ಕೆ ಅವರ ಒಪ್ಪಂದದಲ್ಲೇ ಬರೆಸಬೇಕಾಯಿತು. ಅದೂ ಆಗಲಿಲ್ಲ. ನನ್ನ ಕೇಳಿದರೆ ಮಗನಿಗಿಂತ ಅಪ್ಪನ ತಪ್ಪೇ ಜಾಸ್ತಿ. ಬೇರೆ ಯಾರಾದರೂ ಆಗಿದ್ದರೆ 2022ರಲ್ಲೇ ಮನೆಗೆ ಕಳಿಸುತ್ತಿದ್ದರು, ಅಲ್ವಾ?