ಒಂದು ಆ್ಯಪ್‌ನಲ್ಲಿ ಕೊಂಡು ಇನ್ನೊಂದರಲ್ಲಿ ಮಾರಿದರೆ ಏನಾದರೂ ಗಿಟ್ಟುತ್ತದಾ?

ಮೈಸೂರಿನಲ್ಲಿದ್ದೀರಿ, ಕೈಯಲ್ಲಿ 20,000 ರೂಪಾಯಿ ಇದೆ. ಒಂದು ಆ್ಯಪ್‌ನಲ್ಲಿ ಆಫರ್ ಬಂದಾಗ ಕೊಂಡಿಟ್ಟು ಇನ್ನೊಂದರಲ್ಲಿ ಮಾರಿದರೆ ಏನಾದರೂ ಗಿಟ್ಟುತ್ತದಾ ಅಂತ ಕೇಳಿದ್ದೀರಿ. ಗಿಟ್ಟುತ್ತದೆ. ಆದರೆ ಎರಡು ಬೆಲೆಯ ನಡುವಿನ ವ್ಯತ್ಯಾಸವನ್ನೇ ಲಾಭ ಅಂತ ಎಣಿಸಬೇಡಿ. ಹೊಸಬರು ಕೈ ಸುಟ್ಟುಕೊಳ್ಳುವುದು ಅಲ್ಲೇ. ನಾನು ಮಂಡ್ಯದಲ್ಲಿ ಮನೆಯಿಂದಲೇ ಈ ವ್ಯಾಪಾರ ಮಾಡುತ್ತೇನೆ, ಅಡುಗೆಮನೆ ಸಾಮಾನು ಜಾಸ್ತಿ. ಅದರ ಲೆಕ್ಕವನ್ನೇ ಹೇಳುತ್ತೇನೆ.

ಪ್ಲಾಸ್ಟಿಕ್ ಡಬ್ಬಿಗಳ ಒಂದು ಸೆಟ್ ಆಫರ್‌ನಲ್ಲಿ 300ಕ್ಕೆ ಸಿಕ್ಕಿತು, ಇನ್ನೊಂದು ಕಡೆ 450ಕ್ಕೆ ಹೋಗುತ್ತಿದೆ ಅಂದುಕೊಳ್ಳಿ. 150 ಉಳಿಯಿತು ಅನಿಸುತ್ತದೆ, ಅಲ್ವಾ? ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದೀರಿ ಅಂತಲೂ ಇಟ್ಟುಕೊಳ್ಳಿ. ಇದಕ್ಕೆ 18 ಪರ್ಸೆಂಟ್ ಜಿಎಸ್‌ಟಿ. ನಿಮಗೆ ಬರುವ 450ರಲ್ಲಿ ಸುಮಾರು 69 ರೂಪಾಯಿ ಸರ್ಕಾರದ್ದು. ನೀವು ಕೊಟ್ಟ 300ರಲ್ಲೂ ಸುಮಾರು 46 ರೂಪಾಯಿ ತೆರಿಗೆ ಇತ್ತು. ಕೊಂಡ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇದ್ದರೆ ಆ 46 ಕಳೆದು 23 ಕಟ್ಟಿದರೆ ಆಯಿತು. ಮನೆಗೆ ತರಿಸಿಕೊಳ್ಳುವ ಹಾಗೆ ಸುಮ್ನೆ ಹೆಸರಿಗೆ ಬಿಲ್ ಮಾಡಿಸಿದ್ದರೆ ಪೂರಾ 69 ಕಟ್ಟಬೇಕು. ಕಮಿಷನ್, ಕೊರಿಯರ್, ಪ್ಯಾಕಿಂಗ್ ಎಲ್ಲ ಸೇರಿ 90 ಅಂತ ಇಟ್ಟುಕೊಳ್ಳಿ. ನಂಬರ್ ಹಾಕಿಸಿದವರಿಗೆ 37 ರೂಪಾಯಿ ಉಳಿಯಿತು. ಹಾಕಿಸದವರಿಗೆ 9 ರೂಪಾಯಿ ನಷ್ಟ.

ಆ 90 ಕೂಡ ಯಾವಾಗ 140 ಆಗುತ್ತದೋ ಹೇಳಲಾಗದು. ಕೊರಿಯರ್‌ನವರು ತಕ್ಕಡಿಯನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಆ ತೂಕಕ್ಕೆ ದುಡ್ಡು. 30, 25, 20 ಸೆಂಟಿಮೀಟರ್‌ನ ಪೆಟ್ಟಿಗೆ ಅವರ ಲೆಕ್ಕದಲ್ಲಿ 3 ಕೆಜಿ. ಒಳಗಿರುವ ಡಬ್ಬಿಗಳು 800 ಗ್ರಾಂ ಇದ್ದರೂ ಅಷ್ಟೇ. ಅದಕ್ಕೇ ನಾನು ಒಂದರೊಳಗೊಂದು ಕೂರುವ ಡಬ್ಬಿಗಳನ್ನೇ ಆರಿಸುತ್ತೇನೆ. ಮುಚ್ಚಳಗಳನ್ನು ಒಟ್ಟಿಗೆ ಕಟ್ಟಿ ಪಕ್ಕಕ್ಕೆ ಇಟ್ಟರೆ ಪೆಟ್ಟಿಗೆ ಎಷ್ಟೋ ಚಿಕ್ಕದಾಗುತ್ತದೆ. ಸಾಮಾನು ಆರಿಸುವಾಗ ಬೆಲೆಗಿಂತ ಮೊದಲು ನಾನು ನೋಡುವುದು ಅಳತೆಯನ್ನೇ.

ಇನ್ನು ವಾಪಸ್ ಬರುವ ಮಾಲು. ಕ್ಯಾಶ್ ಆನ್ ಡೆಲಿವರಿಯಲ್ಲಿ ಕೆಲವರು ಬಾಗಿಲಲ್ಲೇ ಬೇಡ ಅಂದುಬಿಡುತ್ತಾರೆ. ಬಳಸಿ ಕಳಿಸುವವರೂ ಇದ್ದಾರೆ. ಹೊಸ ಸೆಟ್ ಕಳಿಸಿದ್ದಕ್ಕೆ ನನಗೊಮ್ಮೆ ಅಂಚಿನಲ್ಲೆಲ್ಲ ಅರಿಶಿನ ಹಿಡಿದಿದ್ದ ಹಳೇ ಡಬ್ಬಿಗಳು ಬಂದವು. ಪ್ಯಾಕ್ ಮಾಡುವಾಗಲೂ ವಾಪಸ್ ಬಂದದ್ದನ್ನು ಬಿಚ್ಚುವಾಗಲೂ ನಾನು ವಿಡಿಯೋ ತೆಗೆಯುತ್ತೇನೆ, ಹಾಗಾಗಿ ದುಡ್ಡು ಬಂತು. ನೀವೂ ಇದನ್ನು ಮೊದಲ ಪಾರ್ಸೆಲ್‌ನಿಂದಲೇ ಮಾಡಿ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನೀವು ಕೊಂಡ ಕಡೆ ವಾಪಸ್ ಕೊಡುವ ಅವಧಿ, ಮಾಲು ನಿಮ್ಮ ಮನೆಗೆ ಬಂದ ದಿನದಿಂದಲೇ ಓಡುತ್ತಿರುತ್ತದೆ. ಗಿರಾಕಿ ನಿಮಗೆ ವಾಪಸ್ ಕಳಿಸುವ ಹೊತ್ತಿಗೆ ಅದು ಮುಗಿದಿರುತ್ತದೆ. ಆಮೇಲೆ ಆ ಮಾಲು ನಿಮ್ಮ ತಲೆ ಮೇಲೇ.

ಒಂದು ಕಡೆ ಆರ್ಡರ್ ಬಂದ ಮೇಲೆ ಇನ್ನೊಂದು ಕಡೆಯಿಂದ ನೇರ ಗಿರಾಕಿ ವಿಳಾಸಕ್ಕೇ ಹಾಕಿಸಿದರೆ ಸುಲಭ ಅಂತ ಯೂಟ್ಯೂಬ್‌ನಲ್ಲಿ ಬಹಳ ಜನ ಹೇಳುತ್ತಾರೆ. ದಯವಿಟ್ಟು ಬೇಡ. ಇಬೇ ಇದನ್ನು ನಿಯಮದಲ್ಲೇ ನಿಷೇಧಿಸಿದೆ. ಬೇರೆ ಅಂಗಡಿಯ ಹೆಸರಿರುವ ಬಿಲ್ಲು, ಪ್ಯಾಕಿಂಗ್ ಹೋಗುವುದನ್ನು ಅಮೆಜಾನ್ ಕೂಡ ಒಪ್ಪುವುದಿಲ್ಲ. ಪ್ರೈಮ್ ಸದಸ್ಯತ್ವದ ಸೌಲಭ್ಯದಲ್ಲಿ ಮರುಮಾರಾಟಕ್ಕೆ ಕೊಳ್ಳುವ ಹಾಗೂ ಇಲ್ಲ. ಹಾಗೆಯೇ, ಮೇಲೆ ಎಂಆರ್‌ಪಿ ಅಚ್ಚಾಗಿರುವ ಪ್ಯಾಕೆಟ್ ಮಾಲನ್ನು ಅದಕ್ಕಿಂತ ಒಂದು ರೂಪಾಯಿ ಜಾಸ್ತಿಗೆ ಮಾರಿದರೂ ಕಾನೂನಿಗೆ ವಿರುದ್ಧ. ಎಲ್ಲ ಕಡೆ ಸ್ಟಾಕ್ ಮುಗಿದಿದ್ದರೂ ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ, ನೀವು ಕೊಳ್ಳುವ ಕಡೆ ಆ್ಯಪ್ ಆಗಬೇಕಾಗಿಯೇ ಇಲ್ಲ. ಮೈಸೂರಿನಲ್ಲಿದ್ದೀರಿ. ಸಂತೆಪೇಟೆ, ಶಿವರಾಂಪೇಟೆ ಸುತ್ತಿ ಹೋಲ್‌ಸೇಲ್ ಬೆಲೆ ಕೇಳಿ, ಅದನ್ನು ಆ್ಯಪ್‌ನ ಆಫರ್ ಬೆಲೆ ಜೊತೆ ಇಟ್ಟು ನೋಡಿ. ಊದುಬತ್ತಿಯಂಥ ಮಾಲು ನಿಮ್ಮೂರಲ್ಲೇ ತಯಾರಾಗುತ್ತದೆ. ಹಗುರ, ಒಡೆಯುವುದಿಲ್ಲ, ಜಿಎಸ್‌ಟಿ 5 ಪರ್ಸೆಂಟ್. ಎದುರಿಗೆ ನಿಂತು ಮಾಲು ನೋಡಿ ತರುತ್ತೀರಿ, ಕೆಟ್ಟದ್ದಿದ್ದರೆ ಅಂಗಡಿಗೇ ಹೋಗಿ ಬದಲಾಯಿಸಿಕೊಳ್ಳಬಹುದು. ನಮ್ಮ ಮಂಡ್ಯದ ಬೆಲ್ಲ ಮಾರಿ ಅಂತಲೂ ಸಲಹೆ ಬರುತ್ತದೆ. ನನಗೆ ಬೆಲ್ಲದ ಮೇಲೆ ಬಹಳ ಅಭಿಮಾನ. ಆದರೂ ಶುರುವಿಗೆ ಬೇಡ ಅನ್ನುತ್ತೇನೆ. ತೂಕ ಜಾಸ್ತಿ, ಮಳೆಗಾಲದಲ್ಲಿ ನೀರು ಬಿಡುತ್ತದೆ, ತಿನ್ನುವ ಪದಾರ್ಥ ಆದ್ದರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯೂ ಬೇಕು.

ಜಿಎಸ್‌ಟಿ ನಂಬರ್ ಇಲ್ಲದೆಯೂ ಶುರು ಮಾಡಬಹುದು. 2023ರ ಅಕ್ಟೋಬರ್ 1ರಿಂದ, ವರ್ಷದ ವಹಿವಾಟು 40 ಲಕ್ಷದೊಳಗಿದ್ದರೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ತಗೊಂಡು ಆನ್‌ಲೈನ್‌ನಲ್ಲಿ ಮಾರಲು ಅವಕಾಶ ಇದೆ. ಆದರೆ ಕರ್ನಾಟಕದೊಳಗೆ ಮಾತ್ರ. ಚೆನ್ನೈ, ಹೈದರಾಬಾದ್‌ಗೆ ಕಳಿಸಬೇಕೆಂದರೆ ಪೂರ್ತಿ ನೋಂದಣಿ ಆಗಲೇಬೇಕು.

20,000ವನ್ನು ಒಂದೇ ಸಲ ಮಾಲಿಗೆ ಸುರಿಯಬೇಡಿ. ಮಾರಿದ ದುಡ್ಡು ಖಾತೆಗೆ ಬರಲು ಡೆಲಿವರಿ ಆದ ಮೇಲೂ ಕೆಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಕೊರಿಯರ್ ಖರ್ಚು, ವಾಪಸ್ ಖರ್ಚು ಎದುರಾಗುತ್ತದೆ. ಅರ್ಧ ಕೈಯಲ್ಲಿರಲಿ. ಯಾವ ಸಾಮಾನು ಮನಸ್ಸಿನಲ್ಲಿದೆ, ಪ್ಯಾಕ್ ಮಾಡಿದ ಮೇಲೆ ಅದರ ಅಳತೆ, ತೂಕ ಎಷ್ಟು ಅಂತ ಕೆಳಗೆ ಬರೆಯಿರಿ. ಕೂತು ಲೆಕ್ಕ ಹಾಕಿ ಹೇಳುತ್ತೇನೆ.